ಬೆಳ್ಳಗಿರೋದೆಲ್ಲ ಲಿಥಿಯಂ ಅಲ್ಲ

2020ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ಇದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನಾನು ಪಶ್ಚಿಮ ಆಸ್ಟ್ರೇಲಿಯಾದ ಕೆಲಸ ಬಿಟ್ಟು ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸುದ್ದಿ ಬಂದ ವಾರದೊಳಗೆ ನಮ್ಮ ಮನೆಯ ಜಗಲಿಗೆ ಕಲ್ಲುಗಳು ಬರತೊಡಗಿದವು. ಮೊಪೆಡ್ಡಿನ ಹಿಂದೆ ಗೊಬ್ಬರದ ಚೀಲದಲ್ಲಿ ಕಟ್ಟಿಕೊಂಡು ಬಂದವರಿದ್ದರು, ಮದುವೆಗೆ ಬಂದವರು ಜೇಬಿನಿಂದ ತೆಗೆದು ಕೊಟ್ಟದ್ದೂ ಉಂಟು. "ಸಾ, ನೀವು ಕಲ್ಲು ಓದಿರೋರಂತೆ. ಇದು ಅದೇನಾ, ಒಸಿ ನೋಡಿ."

ಅದಾಗಿರುತ್ತಿರಲಿಲ್ಲ. ಬಹುಪಾಲು ಬೆಣಚುಕಲ್ಲು, ಉಳಿದದ್ದು ಫೆಲ್ಡ್‌ಸ್ಪಾರ್. ಒಬ್ಬರು ತಂದದ್ದು ಸುಣ್ಣದ ಗಟ್ಟಿ. ಆದರೆ ಅವರನ್ನು ನೋಡಿ ನಗುವ ಹಕ್ಕು ನನಗಿರಲಿಲ್ಲ. ಲಿಥಿಯಂ ಹುಡುಕುವ ಕೆಲಸ ಹಿಡಿದ ಮೊದಲ ಎರಡು ವರ್ಷ ನಾನೂ ಹಾಗೆಯೇ ಬಿಳಿ ಕಲ್ಲು ಹೊತ್ತು ತಿರುಗಿದವನು. 2023ರ ಆಗಸ್ಟ್‌ವರೆಗೆ ನಮ್ಮ ದೇಶದಲ್ಲಿ ಲಿಥಿಯಂ ಅಣು ಖನಿಜಗಳ ಪಟ್ಟಿಯಲ್ಲಿತ್ತು, ಖಾಸಗಿಯವರು ಮುಟ್ಟುವಂತಿರಲಿಲ್ಲ. ಹಾಗಾಗಿ ನಾನು ಇದನ್ನು ಕಲಿತದ್ದು ಹೊರದೇಶದ ಕೆಂಪು ಮಣ್ಣಿನಲ್ಲಿ. ಈಗ ಕಾನೂನು ಬದಲಾಗಿ ನಮ್ಮ ಹುಡುಗರು ಇಲ್ಲೇ ಸುತ್ತಿಗೆ ಹಿಡಿದು ಹೊರಟಿದ್ದಾರೆ. ಅವರು ಕೇಳಿದಾಗೆಲ್ಲ ಹೇಳಿದ್ದನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

1. ಕಣ್ಣಿಗಿಂತ ಮೊದಲು ಕೈಯನ್ನು ನಂಬಿ

ನಾವು ಲಿಥಿಯಂ ಹುಡುಕುವುದು ಪೆಗ್ಮಟೈಟಿನಲ್ಲಿ, ಅಂದರೆ ದಪ್ಪ ದಪ್ಪ ಹರಳುಗಳ ಬಿಳಿ ಬಂಡೆಯಲ್ಲಿ. ಬೆಣಚು, ಫೆಲ್ಡ್‌ಸ್ಪಾರ್, ನಮ್ಮ ಕಡೆ ಕಾಗೆಬಂಗಾರ ಎನ್ನುವ ಅಭ್ರಕ, ಈ ಮೂರು ಬಹುತೇಕ ಎಲ್ಲ ಪೆಗ್ಮಟೈಟಿನಲ್ಲೂ ಇರುತ್ತವೆ. ನೂರು ಪೆಗ್ಮಟೈಟ್ ಹತ್ತಿ ಇಳಿದರೆ ಹೆಚ್ಚಿನವುಗಳಲ್ಲಿ ಈ ಮೂರೇ ಇರುತ್ತವೆ. ಲಿಥಿಯಂ ಹೊತ್ತ ಸ್ಪಾಡ್ಯುಮೀನ್ ಕೂಡ ಬಿಳಿಯೇ. ಒಮ್ಮೊಮ್ಮೆ ಬೂದು, ಒಮ್ಮೊಮ್ಮೆ ಎಳೆಯ ತೆಂಗಿನ ಗರಿಯ ಹಸಿರು. ದೂರದಿಂದ ನೋಡಿದರೆ ಬ್ರಹ್ಮನಿಗೂ ವ್ಯತ್ಯಾಸ ತಿಳಿಯದು.

ಒಡೆದು ನೋಡಿ. ಬೆಣಚು ಬಾಟಲಿ ಗಾಜಿನಂತೆ ಒಡೆಯುತ್ತದೆ, ಚಿಪ್ಪು ಚಿಪ್ಪಾಗಿ. ಫೆಲ್ಡ್‌ಸ್ಪಾರ್ ಮೆಟ್ಟಿಲು ಮೆಟ್ಟಿಲಾಗಿ, ದಪ್ಪ ತುಂಡುಗಳಾಗಿ ಒಡೆಯುತ್ತದೆ. ಸ್ಪಾಡ್ಯುಮೀನ್ ಉದ್ದಕ್ಕೆ ಸೀಳುತ್ತದೆ, ಒಣಗಿದ ಬಿದಿರಿನ ಹಾಗೆ. ಸಿಗುರು ಏಳುತ್ತದೆ. ಆ ಸಿಗುರು ಹೆಬ್ಬೆರಳಿನ ಉಗುರಿನ ಸಂದಿಗೆ ಒಮ್ಮೆ ಚುಚ್ಚಿದರೆ ಆಮೇಲೆ ಯಾವ ಪಠ್ಯಪುಸ್ತಕವೂ ಬೇಡ. ಉದ್ದ ಮುಖದ ಮೇಲೆ ಸಣ್ಣ ಗೀರುಗಳು ಹರಳಿನ ನೀಳಕ್ಕೆ ಓಡಿರುತ್ತವೆ, ಬಿಸಿಲಿಗೆ ಓರೆ ಹಿಡಿದರೆ ಕಾಣುತ್ತವೆ.

ಎರಡನೆಯ ಪರೀಕ್ಷೆ ತೂಕ. ಬೆಣಚಿನ ಸಾಂದ್ರತೆ 2.65, ಫೆಲ್ಡ್‌ಸ್ಪಾರ್ ಅದಕ್ಕಿಂತ ಸ್ವಲ್ಪ ಕಡಿಮೆ, ಸ್ಪಾಡ್ಯುಮೀನ್ 3.1ರಿಂದ 3.2. ಪಳಗಿದ ಕೈಗೆ ಈ ಅಂತರ ಎತ್ತಿದ ಕೂಡಲೇ ತಿಳಿಯುತ್ತದೆ. ಪಳಗದ ಕೈಗೆ ಒಂದು ಬಕೆಟ್ ನೀರು, ಒಂದು ತೂಗುಯಂತ್ರ, ಒಂದು ದಾರ ಸಾಕು. ಸಂತೆಯಲ್ಲಿ ಕೊಂಡ ಕೊಕ್ಕೆ ತಕ್ಕಡಿಗೆ ಕಲ್ಲನ್ನು ದಾರದಲ್ಲಿ ನೇತು ಹಾಕಿ ತೂಗಿ. 630 ಗ್ರಾಂ ಬಂತು ಅನ್ನೋಣ. ಹಾಗೇ ಬಕೆಟ್ಟಿನ ನೀರಿಗಿಳಿಸಿ, ತಳ ಮುಟ್ಟದ ಹಾಗೆ ಹಿಡಿದು ಮತ್ತೆ ಓದಿ. 430 ಆಯಿತು. ಕಳೆದುಹೋದದ್ದು 200. 630ನ್ನು 200ರಿಂದ ಭಾಗಿಸಿದರೆ 3.15. ಅಷ್ಟೇ ತೂಕದ ಬೆಣಚು ನೀರಿನಲ್ಲಿ ಸುಮಾರು 392 ತೋರಿಸುತ್ತದೆ, ಲೆಕ್ಕ 2.65ಕ್ಕೆ ನಿಲ್ಲುತ್ತದೆ. ಜಗಲಿಗೆ ಬಂದ ಕಲ್ಲುಗಳನ್ನು ನಾನು ತಂದವರ ಎದುರಿಗೇ ಹೀಗೆ ತೂಗಿದೆ. "ಇಲ್ಲ" ಎಂದು ಬಾಯಲ್ಲಿ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾನೆ ಎನ್ನುತ್ತಾರೆ. ತಕ್ಕಡಿ ಹೇಳಿದರೆ ಒಪ್ಪುತ್ತಾರೆ.

ಒಂದೇ ಎಚ್ಚರ. ತುಂಡು ಕಲಬೆರಕೆಯಾಗಿದ್ದರೆ, ಅಂದರೆ ಅರ್ಧ ಹರಳು ಅರ್ಧ ಬೆಣಚು ಇದ್ದರೆ, ಈ ಲೆಕ್ಕ ಕೆಡುತ್ತದೆ.

2. ಕಾಕಂಬಿ ಎಷ್ಟು ಸಲ ಕುದ್ದಿದೆ ಎಂದು ಕೇಳಿ

ಮಂಡ್ಯದವರಿಗೆ ಪೆಗ್ಮಟೈಟ್ ವಿವರಿಸಲು ಸಕ್ಕರೆ ಕಾರ್ಖಾನೆಯೇ ಸಾಕು. ಕಬ್ಬಿನ ಹಾಲು ಕಾಯಿಸಿ ಸಕ್ಕರೆ ಹರಳು ತೆಗೆದ ಮೇಲೆ ಉಳಿಯುವುದು ಕಾಕಂಬಿ. ಅದನ್ನು ಮತ್ತೆ ಕುದಿಸಿ ಹರಳು ತೆಗೆಯುತ್ತಾರೆ, ಮತ್ತೂ ಒಂದು ಸಲ. ಸಕ್ಕರೆಯಾಗದ ವಸ್ತುಗಳೆಲ್ಲ ಕೊನೆಯ ಕಾಕಂಬಿಯಲ್ಲಿ ಗಟ್ಟಿಯಾಗಿ ಕೂಡುತ್ತವೆ. ನೆಲದಾಳದಲ್ಲಿ ಗ್ರಾನೈಟ್ ಆರುವಾಗಲೂ ಹೀಗೆಯೇ. ಮೊದಲು ಹರಳಾಗುವ ಖನಿಜಗಳಲ್ಲಿ ಲಿಥಿಯಂ, ಸೀಸಿಯಂ, ಟ್ಯಾಂಟಲಂಗಳಿಗೆ ಜಾಗವಿಲ್ಲ. ಅವು ಉಳಿದ ರಸದಲ್ಲಿ ಸೇರುತ್ತ ಹೋಗಿ, ಆ ಕೊನೆಯ ರಸ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದರೆ ನಮಗೆ ಬೇಕಾದ ಪೆಗ್ಮಟೈಟ್. ಮೊದಲ ಸುತ್ತಿನಲ್ಲೇ ಹೊರಬಿದ್ದ ರಸವಾದರೆ ಅದು ಬರೀ ಬಿಳಿ ಬಂಡೆ, ಹಂಚಿನ ಕಾರ್ಖಾನೆಗೆ ಫೆಲ್ಡ್‌ಸ್ಪಾರ್ ಕೊಡುವುದಕ್ಕೆ ಲಾಯಕ್ಕು.

ಎಷ್ಟು ಸುತ್ತು ಆಗಿದೆ ಎಂದು ತಿಳಿಯುವುದು ಹೇಗೆ? ಲಿಥಿಯಂ ಹರಳನ್ನೇ ಹುಡುಕುತ್ತ ಕೂರಬೇಡಿ. ಎಲ್ಲೆಡೆ ಸಿಗುವ ಪೊಟ್ಯಾಸಿಯಂ ಫೆಲ್ಡ್‌ಸ್ಪಾರನ್ನು ಕೇಳಿ. ರುಬಿಡಿಯಂ ಪೊಟ್ಯಾಸಿಯಂನ ಜಾಗಕ್ಕೆ ನುಸುಳುವ ಧಾತು. ಸುತ್ತು ಹೆಚ್ಚಿದಷ್ಟೂ ಫೆಲ್ಡ್‌ಸ್ಪಾರಿನಲ್ಲಿ ಅದರ ಪಾಲು ಏರುತ್ತದೆ. ಹಾಗಾಗಿ ಪೊಟ್ಯಾಸಿಯಂನ ಅಂಕಿಯನ್ನು ರುಬಿಡಿಯಂನ ಅಂಕಿಯಿಂದ ಭಾಗಿಸಿ. ಉತ್ತರ 150ರ ಮೇಲಿದ್ದರೆ ನಾನು ಬುತ್ತಿ ಬಿಚ್ಚಿ ಉಂಡು ಮುಂದಿನ ಬಂಡೆಗೆ ಹೋಗುತ್ತೇನೆ. 30ಕ್ಕಿಂತ ಕೆಳಗಿಳಿದರೆ ಅಂದು ಊಟ ತಡವಾಗುತ್ತದೆ.

ಸಾಮಾನ್ಯವಾಗಿ ತಾಯಿ ಗ್ರಾನೈಟಿನಿಂದ ದೂರ ಹೋದಷ್ಟೂ ಪೆಗ್ಮಟೈಟ್ ಪಕ್ವವಾಗುತ್ತದೆ. ಹತ್ತಿರದವು ಬರಡು, ಸ್ವಲ್ಪ ದೂರದಲ್ಲಿ ಬೆರಿಲ್, ಇನ್ನೂ ಆಚೆ ಕೊಲಂಬೈಟ್, ಅದರಾಚೆ ಸ್ಪಾಡ್ಯುಮೀನ್. ಗ್ರಾನೈಟಿನ ಮೈ ಬಿಟ್ಟು ಸುತ್ತಲ ಕಪ್ಪು ಶಿಲೆಯ ಪಟ್ಟಿಗೆ ಇಳಿಯಿರಿ ಎಂದು ನಾನು ಹುಡುಗರಿಗೆ ಹೇಳುವುದು ಇದಕ್ಕೇ. ನಮ್ಮ ರಾಜ್ಯದಲ್ಲಿ ಲಿಥಿಯಂ ಪೆಗ್ಮಟೈಟ್ ಕಂಡಿರುವುದೂ ಅಂಥ ಶಿಸ್ಟ್ ಪಟ್ಟಿಗಳಲ್ಲೇ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣಗಳಿರುವುದು ನಾಗಮಂಗಲ ಶಿಸ್ಟ್ ಪಟ್ಟಿಯಲ್ಲಿ. ಲಿಂಗಸುಗೂರು ಕಡೆಯ ಅಮರೇಶ್ವರ ಹಟ್ಟಿ ಚಿನ್ನದ ಗಣಿಯ ಸೀಮೆಯಲ್ಲಿದೆ. (ಮರಳಗಾಲವನ್ನು ಸರ್ಕಾರಿ ಕಾಗದಗಳಲ್ಲಿ ಮಾರ್ಲಗಲ್ಲ ಎಂದು ಬರೆದಿರುತ್ತಾರೆ. ಊರಿನವರಿಗೇ ತಮ್ಮ ಊರು ಯಾವುದೆಂದು ಗೊತ್ತಾಗದ ಹಾಗೆ ಸುದ್ದಿಯಾದದ್ದು ಹೀಗೆ.)

3. ಗನ್ನು ಲಿಥಿಯಂ ಕಾಣದು, ಅಗ್ಗದ ಆ್ಯಸಿಡ್ಡೂ ಕಾಣದು

ಈಗ ಎಲ್ಲರ ಕೈಯಲ್ಲೂ ಎಕ್ಸ್‌ಆರ್‌ಎಫ್ ಗನ್ ಇದೆ. ಕಲ್ಲಿಗೆ ಒತ್ತಿದರೆ ಎಕ್ಸ್ ಕಿರಣ ಹಾಯಿಸಿ ಅರ್ಧ ನಿಮಿಷದಲ್ಲಿ ಧಾತುಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಲಿಥಿಯಂ ಇರುವುದಿಲ್ಲ, ಎಷ್ಟು ದುಡ್ಡು ಕೊಟ್ಟು ಕೊಂಡರೂ ಇರುವುದಿಲ್ಲ. ಲಿಥಿಯಂ ಮೂರನೆಯ ಧಾತು, ತೀರ ಹಗುರ. ಅದು ಹೊರಸೂಸುವ ಎಕ್ಸ್ ಕಿರಣ ಎಷ್ಟು ನಿಶ್ಶಕ್ತವೆಂದರೆ ಗನ್ನಿನ ಕಿಟಕಿ ತಲುಪುವ ಮೊದಲೇ ಅಡಗಿಹೋಗುತ್ತದೆ. ಗನ್ನು ಉಪಯೋಗಕ್ಕೆ ಬರುವುದು ಮೇಲೆ ಹೇಳಿದ ರುಬಿಡಿಯಂ ಲೆಕ್ಕಕ್ಕೆ, ತವರ, ಟ್ಯಾಂಟಲಂ ನೋಡುವುದಕ್ಕೆ. ಲಿಥಿಯಂ ಓದುವ ಲೇಸರ್ ಉಪಕರಣಗಳು ಬೇರೆಯೇ ಇವೆ.

ಇನ್ನು ಪ್ರಯೋಗಾಲಯ. ಇಲ್ಲಿ ನಾನು ಪೆಟ್ಟು ತಿಂದೆ. ಆಸ್ಟ್ರೇಲಿಯಾದಲ್ಲಿ ಮೊದಲ ಬಾರಿ ನನ್ನದೇ ಜವಾಬ್ದಾರಿಯಲ್ಲಿ 140 ಸ್ಯಾಂಪಲ್ ಕಳಿಸಿದ್ದೆ. ಮೊದಲು ಚಿನ್ನದ ಕೆಲಸದಲ್ಲಿದ್ದವನಾದ್ದರಿಂದ ಅಭ್ಯಾಸಬಲದಿಂದ ಅದೇ ಆ್ಯಸಿಡ್ ಪರೀಕ್ಷೆಗೆ ಗುರುತು ಹಾಕಿದೆ, ಅಕ್ವಾ ರೀಜಿಯಾ. ಕಡಿಮೆ ಖರ್ಚು ಬೇರೆ. ಫಲಿತಾಂಶ ನೋಡಿದರೆ, ಕಣ್ಣಾರೆ ಸ್ಪಾಡ್ಯುಮೀನ್ ಕಂಡಿದ್ದ ಕಲ್ಲುಗಳಲ್ಲೂ ಲಿಥಿಯಂ ಇಲ್ಲವೆನ್ನುವಷ್ಟು ಕಡಿಮೆ. ಎರಡು ದಿನ ನನ್ನ ಕಣ್ಣನ್ನೇ ಅನುಮಾನಿಸಿದೆ. ಆಮೇಲೆ ಹೊಳೆಯಿತು: ಅಕ್ವಾ ರೀಜಿಯಾ ಚಿನ್ನ ಕರಗಿಸುತ್ತದೆ, ಸಿಲಿಕೇಟ್ ಹರಳಿನ ಕೋಟೆಯನ್ನು ಒಡೆಯುವುದಿಲ್ಲ. ಸ್ಪಾಡ್ಯುಮೀನ್ ಹಾಗೇ ಕಲ್ಲಾಗಿ ತಳದಲ್ಲಿ ಕೂತಿತ್ತು. ಸೋಡಿಯಂ ಪೆರಾಕ್ಸೈಡ್ ಜೊತೆ ಬೆಂಕಿಯಲ್ಲಿ ಕರಗಿಸಿದಾಗ ಅದೇ ಪುಡಿ ಬೇರೆಯೇ ಕಥೆ ಹೇಳಿತು. ಪರೀಕ್ಷೆಯ ಖರ್ಚು ಎರಡು ಸಲ, ಬೈಗುಳ ಒಂದೇ ಸಲ, ಅದೂ ಮೆತ್ತಗೆ. ಪ್ರಯೋಗಾಲಯದವರದ್ದೇನೂ ತಪ್ಪಿರಲಿಲ್ಲ, ಫಾರ್ಮಿನಲ್ಲಿ ಟಿಕ್ ಹಾಕಿದ ಕೈ ನನ್ನದೇ.

4. ಹೆಣ್ಣು ನೋಡಲು ಹೋದವರು ಅಕ್ಕಪಕ್ಕದ ಮನೆಯನ್ನೂ ವಿಚಾರಿಸುತ್ತಾರೆ

ಪೆಗ್ಮಟೈಟ್ ಸಿಕ್ಕ ಖುಷಿಯಲ್ಲಿ ಅದು ನುಗ್ಗಿರುವ ಕಪ್ಪು ಕಲ್ಲನ್ನು ಯಾರೂ ನೋಡುವುದಿಲ್ಲ. ರಸ ಬಿಸಿಯಾಗಿದ್ದಾಗ ಲಿಥಿಯಂ ಪಕ್ಕದ ಗೋಡೆಗೂ ಒಸರಿರುತ್ತದೆ. ಗೋಡೆ ಆಂಫಿಬೊಲೈಟ್ ಎಂಬ ಕಪ್ಪು ಶಿಲೆಯಾಗಿದ್ದರೆ ಅಲ್ಲಿ ಹೋಮ್‌ಕ್ವಿಸ್ಟೈಟ್ ಎಂಬ ಖನಿಜ ಹುಟ್ಟುತ್ತದೆ. ನೇರಳೆ ಛಾಯೆಯ ಕಡುನೀಲಿ, ಸೂಜಿಯಂಥ ಹರಳುಗಳು. ಲಿಥಿಯಂ ಪೆಗ್ಮಟೈಟಿನ ನೆರೆಮನೆಯಲ್ಲಿ ಬಿಟ್ಟರೆ ಇದು ಬೇರೆಲ್ಲೂ ಕಾಣಿಸಿಕೊಳ್ಳುವುದು ಅಪರೂಪ. ಪೆಗ್ಮಟೈಟ್ ಮಣ್ಣಿನಡಿ ಹೂತುಹೋಗಿ ಗೋಡೆ ಮಾತ್ರ ಮೇಲೆ ಕಾಣುವ ಕಡೆ ಈ ನೀಲಿ ಗೀಟು ಸಿಕ್ಕರೆ ನಾನು ಅಲ್ಲೇ ಕಂದಕ ತೋಡಿಸುತ್ತೇನೆ. ಕಣ್ಣಿಗೆ ಹರಳು ಕಾಣದಿದ್ದರೂ ಗೋಡೆಯ ಕಲ್ಲನ್ನು ಪರೀಕ್ಷೆಗೆ ಕಳಿಸಿ. ಲಿಥಿಯಂ, ರುಬಿಡಿಯಂ, ಸೀಸಿಯಂಗಳ ನೆರಳು ಹತ್ತಾರು ಮೀಟರ್ ಹರಡಿರುವುದುಂಟು. ಐದು ಮೀಟರಿನ ಪೆಗ್ಮಟೈಟಿಗೆ ಐವತ್ತು ಮೀಟರಿನ ನೆರಳು. ಹುಡುಕುವವನಿಗೆ ಯಾವುದು ಸುಲಭ?

5. ಹಳೇ ಗುಂಡಿಗಳ ಕಸದ ರಾಶಿ

ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್‌ಬುಶಸ್ ಇವತ್ತು ಜಗತ್ತಿನ ಅತಿ ದೊಡ್ಡ ಸ್ಪಾಡ್ಯುಮೀನ್ ಗಣಿಗಳಲ್ಲೊಂದು. ಅಲ್ಲಿ 1888ರಲ್ಲಿ ಜನ ಅಗೆಯಲು ಶುರುಮಾಡಿದ್ದು ತವರಕ್ಕಾಗಿ. ಲಿಥಿಯಂ ಗಣಿಗಾರಿಕೆ ಆರಂಭವಾದದ್ದು 1983ರಲ್ಲಿ. ಸುಮಾರು ನೂರು ವರ್ಷ ಅವರು ನಮಗೆ ಬೇಕಾದದ್ದನ್ನು ಪಕ್ಕಕ್ಕೆ ಎಸೆದಿದ್ದರು. ಕಾಂಗೋದ ಮನೋನೊ ಕೂಡ ತವರದ ಗಣಿಯಾಗಿತ್ತು. ನಮ್ಮ ಛತ್ತೀಸಗಢದ ಬಸ್ತರಿನಲ್ಲೂ ಪೆಗ್ಮಟೈಟಿನ ತವರವೇ ಮೊದಲ ಸುಳಿವು. ಮರಳಗಾಲ ಸೀಮೆಯಲ್ಲಿ ಪರಮಾಣು ಖನಿಜ ನಿರ್ದೇಶನಾಲಯ, ಅಂದರೆ ಎಎಂಡಿಯವರು, ಮೊದಲು ಬೆನ್ನು ಹತ್ತಿದ್ದು ಕೊಲಂಬೈಟ್-ಟ್ಯಾಂಟಲೈಟ್ ಎಂಬ ಕಪ್ಪು ಭಾರದ ಖನಿಜವನ್ನು.

ಅದಕ್ಕೇ ಹೇಳುವುದು: ಅಭ್ರಕ, ಫೆಲ್ಡ್‌ಸ್ಪಾರ್, ಬೆರಿಲ್‌ಗಾಗಿ ಅಗೆದು ಬಿಟ್ಟ ಹಳ್ಳಗಳಿದ್ದರೆ ಮೊದಲ ದಿನವೇ ಅಲ್ಲಿಗೆ ಹೋಗಿ. ಗುಂಡಿಗಿಂತ ಮುಂಚೆ ಅದರ ಪಕ್ಕದ ಕಸದ ರಾಶಿ ನೋಡಿ. ಊರ ಹಿರಿಯರಲ್ಲಿ ಯಾರಾದರೂ ಅಲ್ಲಿ ಕೂಲಿ ಮಾಡಿದವರು ಸಿಕ್ಕರೆ ನಿಮ್ಮ ಪುಣ್ಯ. ಯಾವ ಪದರದಲ್ಲಿ ಯಾವ ಕಲ್ಲಿತ್ತು, ಯಾವುದು ಸುತ್ತಿಗೆಗೆ ಸಿಗುರೆದ್ದು ಕೈ ಕುಯ್ಯುತ್ತಿತ್ತು ಎನ್ನುವುದು ಅವರಿಗೆ ನೆನಪಿರುತ್ತದೆ.

6. ನೇರಳೆ ಮೋಹ

ಲೆಪಿಡೋಲೈಟ್ ಎಂಬ ನೇರಳೆ ಅಭ್ರಕ ಫೋಟೋಕ್ಕೆ ಚೆನ್ನಾಗಿ ಬರುತ್ತದೆ. ಆದರೆ ಆ ಬಣ್ಣ ಲಿಥಿಯಂ ಕೊಟ್ಟದ್ದಲ್ಲ, ಮ್ಯಾಂಗನೀಸಿನದು. ಬಣ್ಣ ಗಾಢವಾದಷ್ಟೂ ಲಿಥಿಯಂ ಹೆಚ್ಚು ಎಂದು ನಂಬಬೇಡಿ. ಅದರಿಂದ ಲಿಥಿಯಂ ತೆಗೆಯುವುದು ಸ್ಪಾಡ್ಯುಮೀನಿನಷ್ಟು ಸಲೀಸೂ ಅಲ್ಲ.

7. ದೊಡ್ಡ ಹರಳು ದೊಡ್ಡ ಸುಳ್ಳು ಹೇಳುತ್ತದೆ

ಅಮೆರಿಕದ ದಕ್ಷಿಣ ಡಕೋಟಾದ ಎಟ್ಟಾ ಗಣಿಯಲ್ಲಿ 14 ಮೀಟರ್ ಉದ್ದದ ಒಂದೇ ಒಂದು ಸ್ಪಾಡ್ಯುಮೀನ್ ಹರಳು ಸಿಕ್ಕಿತ್ತು. ನಮ್ಮ ತೆಂಗಿನ ಮರದಷ್ಟು. ಅಂಥ ಬಂಡೆಯಿಂದ ಒಂದು ಕಿಲೋ ಒಡೆದು ತಂದರೆ ಅದು ಯಾರ ಪ್ರತಿನಿಧಿ? ಹರಳಿನ ಮೇಲೆ ಸುತ್ತಿಗೆ ಬಿದ್ದರೆ ಫಲಿತಾಂಶ ಆಕಾಶದಲ್ಲಿ, ಒಂದಡಿ ಆಚೆ ಬಿದ್ದರೆ ಪಾತಾಳದಲ್ಲಿ.

ಅಪ್ಪಟ ಸ್ಪಾಡ್ಯುಮೀನಿನಲ್ಲಿ ಲಿಥಿಯಂ ಆಕ್ಸೈಡ್ ಶೇ. 8ರಷ್ಟು. ಒಳ್ಳೆಯ ಗಣಿಯೊಂದರ ಸರಾಸರಿ ಶೇ. 1ರಿಂದ 1.5, ಗ್ರೀನ್‌ಬುಶಸ್‌ನಂಥದ್ದರಲ್ಲಿ 2ರ ಆಸುಪಾಸು. ಅಂದರೆ ಒಳ್ಳೆಯ ಅದಿರಿನಲ್ಲೂ ಐದರಿಂದ ಎಂಟು ಪಾಲಿನಲ್ಲಿ ಒಂದು ಪಾಲು ಮಾತ್ರ ಬೇಕಾದ ಹರಳು. ಯಾರಾದರೂ "ನಮ್ಮ ಬಂಡೆಯಲ್ಲಿ ಶೇ. 6 ಬಂದಿದೆ" ಎಂದರೆ ಅವರು ಬಂಡೆಯನ್ನು ಪರೀಕ್ಷಿಸಿಲ್ಲ, ಹರಳನ್ನು ಆರಿಸಿ ಕಳಿಸಿದ್ದಾರೆ ಎಂದೇ ತಿಳಿಯಿರಿ. ಮೇಲ್ಮೈಯಲ್ಲಿ ಸ್ಯಾಂಪಲ್ ತೆಗೆಯುವಾಗ ಪೆಗ್ಮಟೈಟಿನ ಒಂದು ಗೋಡೆಯಿಂದ ಇನ್ನೊಂದು ಗೋಡೆವರೆಗೆ ಅಡ್ಡಕ್ಕೆ ಕಾಲುವೆ ಕೊರೆದು, ಬಂದದ್ದನ್ನೆಲ್ಲ ಚೀಲಕ್ಕೆ ತುಂಬಿ. ಚೆಂದದ್ದು, ಕೆಟ್ಟದ್ದು ಎಂದು ಆರಿಸುವುದು ಬೇಡ. ಹೆಂಗಸರು ಅಕ್ಕಿ ಆರಿಸುವ ಜಾಣ್ಮೆ ಇಲ್ಲಿ ಅಪರಾಧ.

ಇದಕ್ಕೆ ಉಲ್ಟಾ ಮೋಸವೂ ಇದೆ. ಮಳೆ ಬಿಸಿಲಿಗೆ ಸಿಕ್ಕ ಸ್ಪಾಡ್ಯುಮೀನ್ ಜೇಡಿಯಾಗಿ ಕೊಳೆಯುತ್ತದೆ, ಲಿಥಿಯಂ ತೊಳೆದುಹೋಗುತ್ತದೆ. ಆಕಾರ ಮಾತ್ರ ಹರಳಿನದು, ಉಗುರಿನಿಂದ ಕೆರೆದರೆ ಪುಡಿ. ಅಂಥ ಕಡೆ ಮೇಲಿನ ಫಲಿತಾಂಶ ಸೊನ್ನೆ ಬಂತೆಂದು ಬೋರ್ಡು ಕಿತ್ತುಕೊಂಡು ಹೊರಟವರ ಹಿಂದೆಯೇ ಬಂದವರು ಆಳದಲ್ಲಿ ಅದಿರು ಕಂಡದ್ದನ್ನು ನೋಡಿದ್ದೇನೆ.

8. ಅಗಲ ಬೇರೆ, ದಪ್ಪ ಬೇರೆ

ನನ್ನ ವೃತ್ತಿಯ ಅತಿ ದುಬಾರಿ ತಪ್ಪು ಇದು. ಬಯಲಿನಲ್ಲಿ 20 ಮೀಟರ್ ಅಗಲಕ್ಕೆ ಮಲಗಿದ್ದ ಪೆಗ್ಮಟೈಟ್. ಸ್ಪಾಡ್ಯುಮೀನ್ ಕಣ್ಣಿಗೆ ರಾಚುತ್ತಿತ್ತು. ಇದು ನೆಲಕ್ಕೆ ಕಡಿದಾಗಿ ಇಳಿದಿರುವ ಗೋಡೆ ಎಂದು ಲೆಕ್ಕ ಹಾಕಿ ಓರೆಯಾಗಿ ಕೊರೆಯುವ ಯೋಜನೆ ಬರೆದೆ. ಮೊದಲ ಕೊಳವೆ, 12 ಮೀಟರ್ ದಾಟಿದ ಮೇಲೆ ಬರೀ ಕಪ್ಪು ಕಲ್ಲು. ಎರಡನೆಯದು, ಕಪ್ಪು ಕಲ್ಲು. ಮೂರನೆಯದರ ಹೊತ್ತಿಗೆ ಡ್ರಿಲ್ಲರ್ ನನ್ನ ಮುಖ ನೋಡುವುದನ್ನು ಬಿಟ್ಟಿದ್ದ. ರಾತ್ರಿ ಕೊರೆದು ತೆಗೆದ ಕಲ್ಲಿನ ಕೋರ್ ಬಾಕ್ಸ್‌ಗಳ ಮುಂದೆ ಟಾರ್ಚ್ ಹಿಡಿದು ಕೂತು ಕೋನ ಅಳೆದಾಗ ತಿಳಿಯಿತು. ಅದು ಗೋಡೆಯಾಗಿರಲಿಲ್ಲ, ಬರೀ 15 ಡಿಗ್ರಿ ವಾಲಿದ ಹಾಸುಗಲ್ಲು. 20 ಮೀಟರ್ ಅಗಲ, 15 ಡಿಗ್ರಿ ವಾಲು, ನಿಜವಾದ ದಪ್ಪ 5 ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ದೋಸೆಯನ್ನು ಮೇಲಿಂದ ನೋಡಿ ಇಡ್ಲಿ ಎಂದುಕೊಂಡಿದ್ದೆ. ಅದೂ ನಾನು ಕೊರೆಸಿದ ದಿಕ್ಕಿಗೆ ಬೆನ್ನು ಹಾಕಿ ಇಳಿದಿತ್ತು.

ಒಂದೇ ಒಂದು ಕಂದಕ ತೋಡಿಸಿ ಗೋಡೆಯ ಸಂಧಿ ನೋಡಿದ್ದರೆ ಆ ಮೂರು ಕೊಳವೆಗಳ ದುಡ್ಡು ಉಳಿಯುತ್ತಿತ್ತು. ಈಗ ನನ್ನ ನಿಯಮ ಇಷ್ಟು: ಪೆಗ್ಮಟೈಟಿನ ಎರಡೂ ಅಂಚನ್ನು ಕೈಯಲ್ಲಿ ಮುಟ್ಟದೆ ರಿಗ್ ಕರೆಸುವುದಿಲ್ಲ.

ಪೆಗ್ಮಟೈಟ್ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಿ. ಹಾವು ಇಲಿ ನುಂಗಿದ ಹಾಗೆ ಒಂದು ಕಡೆ ಉಬ್ಬು, ಮುಂದೆ ದಾರದಷ್ಟು ಸಣ್ಣ, ಮತ್ತೆ ಉಬ್ಬು. ಎರಡು ಕೊಳವೆಗಳಲ್ಲಿ ಅದಿರು ಸಿಕ್ಕಿತೆಂದು ನಕ್ಷೆಯಲ್ಲಿ ಅವೆರಡರ ನಡುವೆ ಪೆನ್ಸಿಲ್ ಗೆರೆ ಎಳೆಯುವ ಮುನ್ನ ನಡುವೆ ಮೂರನೆಯದನ್ನು ಕೊರೆಸಿ. ಉಬ್ಬಿನೊಳಗೂ ಅಂಚಿಗೊಂದು ಪದರ, ನಡುವಿಗೆ ಬೆಣಚಿನ ತಿರುಳು ಎಂದು ಹಲವು ಹಾಸುಗಳಿರುತ್ತವೆ. ಸ್ಪಾಡ್ಯುಮೀನ್ ಇರುವುದು ಸಾಮಾನ್ಯವಾಗಿ ಇವೆರಡರ ಮಧ್ಯದ ಹಾಸಿನಲ್ಲಿ. ನಡುವಿನ ಬೆಣಚಿಗೆ ಕೊರೆಸಿ "ಏನೂ ಇಲ್ಲ" ಎಂದು ವರದಿ ಬರೆದವರೂ ಇದ್ದಾರೆ.

9. ಟನ್ ಎಂದರೆ ಯಾವ ಟನ್?

2020ರ ಆ ಸುದ್ದಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೊಬ್ಬರ ಲೇಖನವನ್ನು ಆಧರಿಸಿ ಬಂದ ಅಂದಾಜು ಅದು. ಅರ್ಧ ಕಿಲೋಮೀಟರ್ ಅಗಲ, ಐದು ಕಿಲೋಮೀಟರ್ ಉದ್ದದ ಪ್ರದೇಶದಲ್ಲಿ 30,300 ಟನ್ ಲಿಥಿಯಂ ಆಕ್ಸೈಡ್, ಅದರಿಂದ ಸುಮಾರು 14,100 ಟನ್ ಲಿಥಿಯಂ ಲೋಹ. ಎರಡೂ ಒಂದೇ ಸರಕಿನ ಎರಡು ಲೆಕ್ಕ. ಲೋಹವನ್ನು 2.153ರಿಂದ ಗುಣಿಸಿದರೆ ಆಕ್ಸೈಡ್, ಆಕ್ಸೈಡನ್ನು 2.473ರಿಂದ ಗುಣಿಸಿದರೆ ಬ್ಯಾಟರಿಯವರು ಕೊಳ್ಳುವ ಕಾರ್ಬೊನೇಟ್. ಈ ಎರಡು ಅಂಕಿಗಳನ್ನು ನನ್ನ ಫೀಲ್ಡ್ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿರುತ್ತೇನೆ. ಅದು ಗೊತ್ತಿಲ್ಲದವರು 30,300ನ್ನೂ 14,100ನ್ನೂ ಕೂಡಿಸಿ ಭಾಷಣ ಮಾಡಿದ್ದನ್ನು ನಾನೇ ಕೇಳಿದ್ದೇನೆ.

ಮರುವರ್ಷ, 2021ರ ಫೆಬ್ರುವರಿಯಲ್ಲಿ, ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು 1,600 ಟನ್. ಎಎಂಡಿಯವರು ಮೇಲ್ಮೈಯಲ್ಲಿ ಸಮೀಕ್ಷೆ ಮಾಡಿ, ನೆಲದಡಿಯೂ ಒಂದಷ್ಟು ನೋಡಿದ ಮೇಲೆ ಕೊಟ್ಟ ಅಂಕಿ. ಹತ್ತು ಪಾಲಿನಲ್ಲಿ ಒಂಬತ್ತು ಎಲ್ಲಿ ಹೋಯಿತು ಎಂದು ಜನ ಕೇಳಿದರು. ಎಲ್ಲಿಗೂ ಹೋಗಲಿಲ್ಲ. ಇಡೀ ಪ್ರದೇಶದ ಮೇಲೆ ಹಾಕಿದ ಅಂದಾಜು ಒಂದು, ನೆಲ ನೋಡಿ ಇಷ್ಟು ಎಂದದ್ದು ಇನ್ನೊಂದು. ಆ 1,600 ಕೂಡ ಊಹಿತ ವರ್ಗದ್ದೇ, ಗಣಿ ತೆರೆಯುವ ಖಾತರಿಯ ಅಂಕಿಯಲ್ಲ. ಜಿ4, ಜಿ3, ಜಿ2, ಜಿ1 ಎಂದು ಮೆಟ್ಟಿಲುಗಳಿವೆ. ನಾಲ್ಕು ಎಂದರೆ ಮೊದಲ ಸುತ್ತಾಟ, ಒಂದು ಎಂದರೆ ಹತ್ತಿರ ಹತ್ತಿರ ಕೊರೆದು ಅಳೆದದ್ದು. ಸುದ್ದಿಯಲ್ಲಿ ಟನ್ ಕಂಡರೆ ಮೊದಲು ಜಿ ಎಷ್ಟು ಎಂದು ಕೇಳಿ. ಆಮೇಲೆ ಅದು ಲೋಹವೋ, ಆಕ್ಸೈಡೋ, ಅದಿರೋ ಎಂದು ಕೇಳಿ.

2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂದಾಗ ಈ ಎರಡು ಪ್ರಶ್ನೆ ಯಾರೂ ಕೇಳಲಿಲ್ಲ. ಅದು ಅದಿರಿನ ಲೆಕ್ಕ, ಜಿ3 ಮಟ್ಟದ್ದು. ಅದಿರು ಪೆಗ್ಮಟೈಟೂ ಅಲ್ಲ, ಬಾಕ್ಸೈಟ್ ಜೊತೆಗಿನ ಜೇಡಿ. ಜೇಡಿಯಿಂದ ಲಿಥಿಯಂ ಬಿಡಿಸುವ ದಾರಿಯೇ ಬೇರೆ. ಹರಾಜಿಗಿಟ್ಟಾಗ ಸಾಕಷ್ಟು ಬಿಡ್ ಬಾರದೆ ಅದು ರದ್ದಾಯಿತು. ನನ್ನ ಮಟ್ಟಿಗೆ ಆಶ್ಚರ್ಯವೇನೂ ಆಗಲಿಲ್ಲ.

1,600 ಟನ್ ಎಂದರೆ ಎಷ್ಟು ಎಂದು ಊರಿನ ಹುಡುಗನೊಬ್ಬ ಕೇಳಿದ. ಮಧ್ಯಮ ಗಾತ್ರದ ವಿದ್ಯುತ್ ಕಾರೊಂದರ ಬ್ಯಾಟರಿಗೆ ಸುಮಾರು 6 ಕಿಲೋ ಲಿಥಿಯಂ ಎಂದುಕೊಂಡರೂ, ಒಂದು ಗುಲಗಂಜಿ ನಷ್ಟವಾಗದೆ ಎಲ್ಲವೂ ಕೈಗೆ ಬಂದರೆ ಎರಡೂವರೆ ಲಕ್ಷ ಕಾರುಗಳಿಗೆ ಚಿಲ್ಲರೆ. ಗಣಿಯಲ್ಲಿ, ಕುಲುಮೆಯಲ್ಲಿ ಹೋಗುವುದನ್ನು ಕಳೆದರೆ ಇನ್ನೂ ಕಡಿಮೆ. ದೇಶದಲ್ಲಿ ವರ್ಷಕ್ಕೆ 40 ಲಕ್ಷದಷ್ಟು ಕಾರುಗಳು ಮಾರಾಟವಾಗುತ್ತವೆ. ಹುಡುಗ ಮಾತಾಡಲಿಲ್ಲ, ಬೈಕ್ ಸ್ಟಾರ್ಟ್ ಮಾಡಿಕೊಂಡು ಹೋದ.

10. ಬೆಲೆ ನೋಡಿ ಕೊರೆಯಬೇಡಿ

ಅದಿರು ಅರೆದು ಹರಳು ಬೇರ್ಪಡಿಸಿದ ಸ್ಪಾಡ್ಯುಮೀನ್ ಸಾಂದ್ರದ ಬೆಲೆ 2022ರ ಕೊನೆಯಲ್ಲಿ ಟನ್ನಿಗೆ 6,000 ಡಾಲರ್ ದಾಟಿತ್ತು. 2024ರಲ್ಲಿ 1,000ಕ್ಕಿಂತ ಕೆಳಗೆ ಬಿತ್ತು. ಹುಡುಕಾಟದಿಂದ ಗಣಿವರೆಗೆ ಹತ್ತು ವರ್ಷ ಬೇಕಾಗುವ ಕೆಲಸ ಇದು. ಟೊಮೆಟೊ ಬೆಲೆ ನೋಡಿ ಟೊಮೆಟೊ ಹಾಕುವ ರೈತನ ಪಾಡು ನಮಗೆ ಗೊತ್ತಿದೆ.

11. ಹೊಲ ಅವರದು

ಪೆಗ್ಮಟೈಟ್ ಇರುವುದು ಯಾರದೋ ಪಟ್ಟಾ ಜಮೀನಿನಲ್ಲಿ, ಗೋಮಾಳದಲ್ಲಿ, ಕೆರೆ ಏರಿಯ ಪಕ್ಕದಲ್ಲಿ. ನಕ್ಷೆಯಲ್ಲಿ ಅದಕ್ಕೆ ಬ್ಲಾಕ್ ಎಂದು ಹೆಸರು. ಬೇಲಿ ದಾಟುವ ಮೊದಲು ಕೇಳಿ. ಫಸಲು ನಿಂತಿದ್ದರೆ ವಾಪಸು ಬನ್ನಿ. ಕಂದಕ ತೋಡುವಾಗ ಮೇಲಿನ ಕಪ್ಪು ಮಣ್ಣನ್ನು ಒಂದು ಕಡೆ, ಕೆಳಗಿನ ಗರಸನ್ನು ಇನ್ನೊಂದು ಕಡೆ ಹಾಕಿಸಿ. ಮುಚ್ಚುವಾಗ ಗರಸು ಕೆಳಗೆ, ಮಣ್ಣು ಮೇಲೆ. ಉಲ್ಟಾ ಮುಚ್ಚಿದ ಕಂದಕದ ಗೆರೆಯ ಮೇಲೆ ಮೂರು ವರ್ಷ ರಾಗಿ ಸೊರಗಿ ನಿಂತದ್ದನ್ನು ನೋಡಿದ್ದೇನೆ.

ಕಳೆದ ವರ್ಷ ಒಂದು ಊರಿನಲ್ಲಿ ಕೆಲಸ ಮುಗಿಸಿ ಹೊರಟಾಗ ಜಮೀನಿನ ಯಜಮಾನರು ಎಳನೀರು ಕೊಟ್ಟು ಪಕ್ಕಕ್ಕೆ ಕರೆದರು. "ಸಾ, ಏನೂ ಇಲ್ಲ ಅಂತ ಒಂದು ಕಾಗದ ಬರ್ಕೊಡ್ತೀರಾ?" ಇದೆ ಎಂದು ಬರೆದುಕೊಡಿ ಎಂದು ಕೇಳಿದವರನ್ನು ಕಂಡಿದ್ದೆ. ಇಲ್ಲ ಎಂದು ಬರೆದುಕೊಡಿ ಎಂದವರು ಅವರೇ ಮೊದಲಿಗರು. ಏಕೆ ಎಂದೆ. "ನೀವು ಗುಂಡಿ ತೋಡಿದಾಗಿನಿಂದ ಬೆಂಗಳೂರು ನಂಬರಿನ ಕಾರು ಬರ್ತಾ ಅವೆ. ಸರ್ಕಾರ ಕಿತ್ಕೊಳ್ತದೆ, ಈಗ್ಲೇ ಕೊಟ್ಬುಡಿ, ಆಮೇಲೆ ಇದೂ ಸಿಗಲ್ಲ ಅಂತ ನನ್ ಮಗನ್ನ ಹೆದರಿಸ್ತಾವ್ರೆ. ಇಲ್ಲ ಅಂತ ನೀವು ಬರ್ಕೊಟ್ರೆ ಅದನ್ನ ತೋರಿಸ್ತೀನಿ."

ಬರೆದುಕೊಡುವ ಅಧಿಕಾರ ನನಗಿರಲಿಲ್ಲ. ಫಲಿತಾಂಶ ಬರಲು ಇನ್ನೂ ಎರಡು ತಿಂಗಳಿತ್ತು, ಬಂದ ಮೇಲೂ ಅದು ಕೆಲಸ ಕೊಟ್ಟವರ ಸ್ವತ್ತು. ಇರುವ ವಿಷಯ ಇರುವ ಹಾಗೆ ಹೇಳಿದೆ. ಒಂದು ಕಂದಕ ತೋಡಿದ್ದಕ್ಕೆ ಯಾರ ಜಮೀನೂ ಹೋಗುವುದಿಲ್ಲ. ಇದು ಇನ್ನೂ ಮೊದಲ ಮೆಟ್ಟಿಲು, ಮೊದಲ ಮೆಟ್ಟಿಲು ಹತ್ತಿದ ಜಾಗಗಳಲ್ಲಿ ಗಣಿಯಾಗುವುದು ತೀರಾ ಬೆರಳೆಣಿಕೆ. ಅವಸರದಲ್ಲಿ ಯಾವ ಕಾಗದಕ್ಕೂ ಮಗ ಸಹಿ ಹಾಕದಿರಲಿ. ಅವರು ಕೇಳಿಸಿಕೊಂಡರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ.

ನಿಮ್ಮ ಊರಿಗೂ ಸುತ್ತಿಗೆ ಹಿಡಿದವರು ಬಂದರೆ ಅವರ ಕೈಯಲ್ಲಿ ಯಾವ ಇಲಾಖೆಯ, ಯಾವ ಪರವಾನಗಿಯ ಕಾಗದವಿದೆ ಎಂದು ಕೇಳಿ ನೋಡಿ. ಅವರ ಹಿಂದೆಯೇ ಕಾರಿನಲ್ಲಿ ಬರುವವರನ್ನು ಎರಡು ಸಲ ಕೇಳಿ.